ಹೋಲಿಕೆಗೆ ಬಿಟ್ಟ ಕೈ

ವಿಶ್ವೇಶ್ವರ ಎಣ್ಣೆಯನ್ನು ಎಡಗೈಗೆ ಮಾತ್ರ ಹಚ್ಚಿದ. ಬಲಗೈಯನ್ನು ಹೋಲಿಕೆಗೆಂದು ಹಾಗೇ ಬಿಟ್ಟ.

ಹೀಗೆ ಮಾಡು ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಅದು ಕಸುಬಿನಿಂದ ಬಂದ ಅಭ್ಯಾಸ. ತಿರುವನಂತಪುರದ ಬಾಹ್ಯಾಕಾಶ ಕೇಂದ್ರವೊಂದರಲ್ಲಿ ನಿವೃತ್ತಿಯವರೆಗೂ ಅವನು ಮಾಡಿದ ಕೆಲಸ ರಬ್ಬರಿಗೆ ಮುಪ್ಪು ತರಿಸುವುದು. ರಾಕೆಟ್ಟಿನ ಕೀಲುಗಳಲ್ಲಿ ಕೂರುವ ರಬ್ಬರ್ ಉಂಗುರಗಳನ್ನು ಬಿಸಿ ಪೆಟ್ಟಿಗೆಯಲ್ಲಿಟ್ಟು, ವರ್ಷಗಳಲ್ಲಿ ಆಗುವ ಸವೆತವನ್ನು ವಾರಗಳಲ್ಲಿ ಆಗಿಸಿ, ಎಷ್ಟು ಗಟ್ಟಿಯಾಯಿತು, ಎಲ್ಲಿ ಬಿರುಕು ಬಿಟ್ಟಿತು ಎಂದು ನೋಡಬೇಕು. ಅದೇ ಹಾಳೆಯಿಂದ ಕತ್ತರಿಸಿದ ಒಂದು ತುಂಡನ್ನು ಮಾತ್ರ ಬಿಸಿಗೆ ಒಡ್ಡದೆ ಕಪಾಟಿನಲ್ಲಿ ಇಡಬೇಕು. ಲ್ಯಾಬಿನಲ್ಲಿ ಅದಕ್ಕೆ ಕಂಟ್ರೋಲ್ ಎನ್ನುತ್ತಿದ್ದರು. ಅದಿಲ್ಲದೆ ಏನು ಬದಲಾಯಿತು ಎಂದು ಹೇಳಲು ಯಾರಿಗೂ ಅಧಿಕಾರವಿಲ್ಲ.

ಎಡಗೈಯನ್ನು ಆರಿಸಿದ್ದಕ್ಕೂ ಕಾರಣವಿತ್ತು. ಬರೆಯಲು, ಉಣ್ಣಲು ಬಲಗೈ; ಚೆಂಡು ಎಸೆಯಲು ಎಡಗೈ. ಮೈಸೂರಿನಲ್ಲಿ ಓದುವಾಗ ಅವನು ವಿಶ್ವವಿದ್ಯಾಲಯ ತಂಡದ ಎಡಗೈ ಸ್ಪಿನ್ನರ್. ಕೆಲಸಕ್ಕೆಂದು ಇಲ್ಲಿಗೆ ಬಂದ ಮೇಲೂ ಜಿಲ್ಲಾ ಲೀಗಿನಲ್ಲಿ ಆಡುತ್ತಿದ್ದ. ಮಗಳು ಗ್ರೀಷ್ಮಾಗೆ ಹುಟ್ಟಿನಿಂದಲೇ ಕಿವಿ ಕೇಳಿಸುವುದಿಲ್ಲ ಎಂದು ಗೊತ್ತಾದ ವರ್ಷ ಕಿಟ್ ಬ್ಯಾಗ್ ಅಟ್ಟಕ್ಕೇರಿತು. ಸಂಜೆಗಳು ಸನ್ನೆ ಭಾಷೆಯ ತರಗತಿಗೆ ಬೇಕಾಗಿದ್ದವು. ಆಮೇಲೆ ಬೆಂಗಳೂರಿಗೆ ವರ್ಗ ಕೊಡುತ್ತೇವೆ ಎಂದಾಗಲೂ ಮಗಳ ಶಾಲೆ ಇಲ್ಲಿದೆ ಎಂದು ಬೇಡವೆಂದ. ಇದನ್ನು ಅವನು ತ್ಯಾಗ ಎಂದು ಎಂದೂ ಕರೆದವನಲ್ಲ. ಆದರೆ ಅರವತ್ತು ದಾಟಿ, ಎಡಗೈ ಬೆರಳುಗಳ ಗೆಣ್ಣು ಊದಿಕೊಂಡು, ಚೆಂಡಿನ ಹೊಲಿಗೆಯ ಮೇಲೆ ಬೆರಳು ಮಡಚಲಾರದಂತಾದ ಮೇಲೆ, ಟಿವಿಯಲ್ಲಿ ಯಾರಾದರೂ ಎಡಗೈಯಲ್ಲಿ ಸ್ಪಿನ್ ಮಾಡಿದರೆ ಚಾನೆಲ್ ಬದಲಿಸುತ್ತಿದ್ದ.

ಎಣ್ಣೆ ಸಿಕ್ಕಿದ್ದು ನಗರದ ಹಳೆಯ ಪೇಟೆ ಚಾಲೈಯಲ್ಲಿ. ಕರ್ಕಾಟಕ ಮಾಸದಲ್ಲಿ ಕೇರಳದವರು ಕುಡಿಯುವ ಮದ್ದಿನ ಗಂಜಿಯನ್ನು ಅವನ ಹೆಂಡತಿ ನಿರ್ಮಲ ಇಷ್ಟು ವರ್ಷಗಳಲ್ಲಿ ತನ್ನದೇ ಮಾಡಿಕೊಂಡಿದ್ದಳು. ಅದರ ಸಾಮಾನು ತರಲು ಹೋದವನು ಒಂದು ಗಿಡಮೂಲಿಕೆ ಅಂಗಡಿಯ ಮುಂದೆ ನಿಂತು, ಫೋನಿನಲ್ಲಿ ಅವಳನ್ನು ಏನೋ ಕೇಳುತ್ತಿದ್ದ. ಒಳಗಿದ್ದ ಯುವಕ ಕತ್ತೆತ್ತಿದ.

"ಸರ್, ಕನ್ನಡದವರಾ? ಎಂತ ಬೇಕು ಹೇಳಿ."

"ನೀವೆಲ್ಲಿಯವರಪ್ಪ?"

"ಕುಂಬಳೆ. ಹೆಸರು ಸುಬ್ರಾಯ. ಎರ್ನಾಕುಳದಲ್ಲಿ ಇಳಿದು ಮತ್ತೆ ಸಣ್ಣ ಗಾಡಿ ಹತ್ತಿ ಬಂದದ್ದು. ಸೊಂಟ ಮುರೀತು ಮಾರಾಯ್ರೆ."

ಎರ್ನಾಕುಳದಿಂದ ತಿರುವನಂತಪುರಕ್ಕೆ ಸಣ್ಣ ಗಾಡಿ, ಅಂದರೆ ಮೀಟರ್ ಗೇಜ್ ರೈಲು, ನಿಂತು ಐವತ್ತು ವರ್ಷವಾಗುತ್ತ ಬಂದಿದೆ. ಇವನಿಗೆ ಇಪ್ಪತ್ತೈದೂ ದಾಟಿದಂತಿರಲಿಲ್ಲ. ಮನೆಯ ಹಿರಿಯರು ಹೇಳಿದ ಕತೆಯನ್ನು ತನ್ನದೆಂಬಂತೆ ಹೇಳುತ್ತಿದ್ದಾನೆ ಎಂದುಕೊಂಡು ವಿಶ್ವೇಶ್ವರ ಬೇಕಾದ ಸಾಮಾನು ಹೇಳಿದ.

ಸಾಮಾನು ಕಟ್ಟುತ್ತ ಸುಬ್ರಾಯ ಅವನ ಬೆರಳು ನೋಡಿದ. "ಕೈಗೆ ಎಂತ ಆದದ್ದು?"

"ವಯಸ್ಸಾದದ್ದು."

"ಅದಕ್ಕೆ ಒಳ್ಳೆ ಎಣ್ಣೆ ಉಂಟಂತೆ ಇಲ್ಲಿ. ಅಜ್ಜಿ ಊಟಕ್ಕೆ ಹೋಗಿದ್ದಾರೆ, ಇಲ್ಲದಿದ್ರೆ ಅವರೇ ಹೇಳ್ತಿದ್ರು." ಏಣಿ ಹತ್ತಿ, ಮೇಲಿನ ಹಲಗೆಯ ಮೂಲೆಯಲ್ಲಿದ್ದ ಪಿಂಗಾಣಿ ಭರಣಿ ಇಳಿಸಿ, ಒಂದು ಬಾಟಲಿಗೆ ಸುರಿದು ಕೊಟ್ಟ.

ಒಂದು ವಾರದೊಳಗೆ ಬಾವು ಇಳಿಯಿತು. ವಯಸ್ಸಿನ ಮಚ್ಚೆಗಳು ತೆಳುವಾಗಿ ಮಾಯವಾದವು. ಉಬ್ಬಿದ್ದ ನರಗಳು ಒಳಗೆ ಸರಿದವು, ಉಗುರುಗಳಿಗೆ ಕೆಂಪು ಬಂತು. ಎಣ್ಣೆ ನಿಂತ ಕಡೆ, ಮಣಿಕಟ್ಟಿನ ಮೇಲೆ, ಅಂಗಿಯ ತೋಳಿನ ಅಂಚಿನ ಹಾಗೆ ಒಂದು ಗೆರೆ ಉಳಿಯಿತು. ಗೆರೆಯ ಮೇಲೆ ಅರವತ್ತೊಂದರ ತೊಗಲು, ಕೆಳಗೆ ಇಪ್ಪತ್ತಮೂರರದು. ವಿಶ್ವೇಶ್ವರ ಎರಡು ಕೈಗಳನ್ನೂ ಮೇಜಿನ ಮೇಲಿಟ್ಟು, ಕಿಟಕಿಯ ಬೆಳಕಿನಲ್ಲಿ ಬಹಳ ಹೊತ್ತು ನೋಡಿದ. ಬಲಗೈ ಬದಲಾಗಿರಲಿಲ್ಲ. ಆದ್ದರಿಂದ ಇದು ಭ್ರಮೆಯಲ್ಲ.

ನಿರ್ಮಲ ಬ್ಯಾಂಕಿನಿಂದ ಬಂದವಳು ಕೈ ನೋಡಿ ಚೀಲ ಕೆಳಗಿಟ್ಟಳು.

"ಏನ್ರೀ ಇದು?"

"ಎಣ್ಣೆ."

"ಈ ಕೈಗೆ ಹೆಣ್ಣು ನೋಡೋಣ್ವಾ? ನಮ್ಮ ಬ್ರಾಂಚಿಗೆ ಹೊಸ ಹುಡುಗಿ ಬಂದಿದಾಳೆ." ನಗುತ್ತಲೇ ಅಂದಳು. ಆದರೆ ಆ ಸಂಜೆ ಚಹಾ ಲೋಟವನ್ನು ಅವನ ಬಲಗೈಗೇ ಕೊಟ್ಟಳು.

ಮಾರನೆಯ ದಿನ ಅವನು ಕ್ವಾರ್ಟರ್ಸಿನ ಹಿಂದಿನ ಮೈದಾನಕ್ಕೆ ಹೋದ. ಹಳೆಯ ಸಹೋದ್ಯೋಗಿ ಜೋಸೆಫ್ ಅಲ್ಲಿ ಸಂಜೆ ಹೊತ್ತು ಬ್ಯಾಟ್ ಬೀಸುತ್ತಿದ್ದ. ವಿಶ್ವೇಶ್ವರ ಚೆಂಡು ತೆಗೆದುಕೊಂಡ. ಬೆರಳುಗಳು ಹೊಲಿಗೆಯನ್ನು ತಾವೇ ಹುಡುಕಿಕೊಂಡವು. ಲೆಗ್ ಸ್ಟಂಪಿನ ಮೇಲೆ ಬಿದ್ದ ಚೆಂಡು ತಿರುಗಿ ಆಫ್ ಸ್ಟಂಪಿನ ಬೇಲ್ಸ್ ಹಾರಿಸಿತು. ಜೋಸೆಫ್ ಬ್ಯಾಟ್ ಅಲ್ಲೇ ಹಿಡಿದು ನಿಂತಿದ್ದ.

"ಎಡೋ ವಿಶ್ವಂ, ಇಷ್ಟು ವರ್ಷ ಇದನ್ನ ಎಲ್ಲಿ ಬಚ್ಚಿಟ್ಟಿದ್ದೆ?"

"ಅಟ್ಟದ ಮೇಲೆ."

ಒಂದು ಓವರ್ ಮುಗಿಯುವಷ್ಟರಲ್ಲಿ ಭುಜ ಸೋತಿತು, ಮಂಡಿ ಕಟಕಟ ಎಂದಿತು. ಕೈ ಇನ್ನೂ ಬೇಕು ಎನ್ನುತ್ತಿತ್ತು, ಅದನ್ನು ಹೊತ್ತ ದೇಹ ಸಾಕು ಎನ್ನುತ್ತಿತ್ತು. ಜೋಸೆಫ್ ಐವತ್ತು ದಾಟಿದವರ ಪಂದ್ಯಾವಳಿಯ ಸುದ್ದಿ ಎತ್ತಿದ. "ಭುಜ ಒಂದು ಸರ್ವಿಸ್ ಮಾಡಿಸಿಕೋ, ಕಪ್ ನಮ್ಮದೇ" ಅಂದ. ಮನೆಗೆ ನಡೆಯುತ್ತ ವಿಶ್ವೇಶ್ವರ ಬಾಟಲಿಯಲ್ಲಿ ಉಳಿದ ಎಣ್ಣೆಯ ಬಗ್ಗೆ ಯೋಚಿಸಿದ. ಮುಕ್ಕಾಲು ಪಾಲು ಇತ್ತು. ಭುಜಕ್ಕೆ, ಬೆನ್ನಿಗೆ, ಎರಡು ಮಂಡಿಗಳಿಗೆ ಧಾರಾಳವಾಗಿ ಸಾಕು.

ಗ್ರೀಷ್ಮಾ ಇದ್ದದ್ದು ಕೊಚ್ಚಿಯ ಕಳಮಶ್ಶೇರಿಯಲ್ಲಿ, ಎಲೆಕ್ಟ್ರಾನಿಕ್ಸ್ ಕಂಪನಿಯೊಂದರ ವಿನ್ಯಾಸ ವಿಭಾಗದಲ್ಲಿ. ಕೆಲಸದ ದಿನಗಳಲ್ಲಿ ಮೆಸೇಜು, ಭಾನುವಾರ ಬೆಳಿಗ್ಗೆ ವಿಡಿಯೋ ಕರೆ. ಆ ಭಾನುವಾರ ಅವನು ಎಂದಿನಂತೆ ಫೋನನ್ನು ನೀರಿನ ತಂಬಿಗೆಗೆ ಒರಗಿಸಿ, ಮಗಳ ಮುಖ ಮೂಡುತ್ತಲೇ ಎರಡೂ ಕೈ ಎತ್ತಿದ. ಬಲಗೈ ಮಾತು ಶುರು ಮಾಡಿತು. ಎಡಗೈ ಗಾಳಿಯಲ್ಲಿ ಸುಮ್ಮನೆ ನಿಂತಿತು.

ಸನ್ನೆ ಭಾಷೆಯಲ್ಲಿ ಬಹುಪಾಲು ಮಾತಿಗೆ ಎರಡು ಕೈ ಬೇಕು. ಅಕ್ಷರ ಕೂಡಿಸಿ ಹೇಳುವಾಗ ಎಡಗೈ ಹಲಗೆ, ಬಲಗೈ ಬಳಪ. ಇಂಗ್ಲಿಷಿನ ಐದು ಸ್ವರಗಳು ಎಡಗೈಯ ಐದು ಬೆರಳ ತುದಿಗಳಲ್ಲಿ ಕೂತಿರುತ್ತವೆ. ಬಲ ತೋರುಬೆರಳು ಅವನ್ನು ಮುಟ್ಟುತ್ತ ಹೋಗಬೇಕು. ಹೆಬ್ಬೆರಳು ಎ, ತೋರುಬೆರಳು ಇ. ವಿಶ್ವೇಶ್ವರನ ತಲೆಗೆ ಎಲ್ಲವೂ ಗೊತ್ತಿತ್ತು. ಎಡಗೈಗೆ ಯಾವುದೂ ಗೊತ್ತಿರಲಿಲ್ಲ. ಬೆರಳು ಬಿಚ್ಚಬೇಕಾದ ಕಡೆ ಮಡಚಿತು, ಮಡಚಬೇಕಾದ ಕಡೆ ಚೆಂಡು ಹಿಡಿದಂತೆ ಬಾಗಿತು.

ಅವಳನ್ನು ಹೆಸರು ಹಿಡಿದು ಕರೆಯಲು ಹೋದ. ಗ್ರೀಷ್ಮಾಳ ಸನ್ನೆ ಹೆಸರು ಅವನೇ ಇಟ್ಟದ್ದು. ಮೂರು ವರ್ಷದವಳಿದ್ದಾಗ, ಇನ್ನೂ ಯಾವ ಭಾಷೆಯೂ ಬಾರದಿದ್ದಾಗ, ಅವಳು ಏನನ್ನೋ ಕೇಳಿದ್ದಳು. ಅದೇನೆಂದು ಯಾರಿಗೂ ತಿಳಿಯಲಿಲ್ಲ. ಸಿಟ್ಟಿನಲ್ಲಿ ಅಪ್ಪನ ಎಡ ಹೆಬ್ಬೆರಳ ಬುಡವನ್ನು ರಕ್ತ ಬರುವ ಹಾಗೆ ಕಚ್ಚಿದಳು. ಆ ಕಲೆ ಹೋಗಲಿಲ್ಲ. ಮಗುವಿಗೊಂದು ಹೆಸರು ಬೇಕು ಎಂದು ಸನ್ನೆ ಶಾಲೆಯ ಟೀಚರ್ ಕೇಳಿದಾಗ ಅವನು ಬಲಗೈಯ ಎರಡು ಬೆರಳುಗಳಿಂದ ಆ ಕಲೆಯನ್ನು ಚಿವುಟಿ ತೋರಿಸಿದ್ದ. ಅದೇ ಹೆಸರಾಯಿತು. ಈಗ ಬಲಗೈ ಚಿವುಟಲು ಹೋದರೆ ಎಡಗೈ ಬೆಚ್ಚಿ ಹಿಂದಕ್ಕೆ ಸರಿಯಿತು.

ಪರದೆಯಲ್ಲಿ ಗ್ರೀಷ್ಮಾಳ ಮುಖ ಬದಲಾಯಿತು. "ನಗು," ಅಂದಳು ಕೈಯಲ್ಲಿ. "ಎರಡೂ ಕೈ ಮೇಲೆತ್ತು. ಅಮ್ಮನ್ನ ಕರಿ. ಈಗಲೇ ಆಸ್ಪತ್ರೆಗೆ ಹೋಗು."

ಪಾರ್ಶ್ವವಾಯು ಎಂದುಕೊಂಡಿದ್ದಳು. ನಿರ್ಮಲಳೂ ಹಾಗೇ ಅಂದುಕೊಂಡು ಅವನನ್ನು ಉಳ್ಳೂರಿನ ಕ್ಲಿನಿಕ್ಕಿಗೆ ಎಳೆದೊಯ್ದಳು. ಅಲ್ಲಿನ ಯುವ ವೈದ್ಯೆ ಎರಡೂ ಕೈ ಹಿಡಿದು ಹಿಂಡಲು ಹೇಳಿದಳು.

"ಅಂಕಲ್, ಎಡಗೈ ಫಸ್ಟ್ ಕ್ಲಾಸ್," ಅಂದಳು. "ಬಲಗೈಯದೇ ಸ್ವಲ್ಪ ಪ್ರಾಬ್ಲಂ. ಫಿಸಿಯೋಥೆರಪಿ ಬರೆದುಕೊಡ್ತೇನೆ."

ವಾಪಸು ಬರುವಾಗ ಆಟೋದಲ್ಲಿ ನಿರ್ಮಲ ಅವನ ಎಡಗೈ ಹಿಡಿದಳು. ಸ್ವಲ್ಪ ದೂರ ಹೋದ ಮೇಲೆ ಬಿಟ್ಟಳು.

"ಬೇಜಾರು ಮಾಡ್ಕೋಬೇಡಿ. ಯಾರೋ ಬೇರೆ ಗಂಡಸಿನ ಕೈ ಹಿಡಿದ ಹಾಗಾಯ್ತು. ಅದು ನನ್ನ ಕೈಯನ್ನ ಹಿಡ್ಕೊಳ್ಳಲೇ ಇಲ್ಲ ನೋಡಿ."

ನಿಜ. ವಿಶ್ವೇಶ್ವರ ಅದನ್ನು ಗಮನಿಸಿರಲಿಲ್ಲ.

ಸೋಮವಾರ ಚಾಲೈಗೆ ಹೋದಾಗ ಅಂಗಡಿಯಲ್ಲಿ ಎಪ್ಪತ್ತರ ಒಬ್ಬ ಹೆಂಗಸಿದ್ದರು. ಇವನು ಎಡಗೈಯನ್ನು ಮೇಜಿನ ಮೇಲಿಟ್ಟು, "ಎಣ್ಣೆ ಕೊಟ್ಟವರು ಸುಬ್ರಾಯ" ಎಂದ. ಆಕೆ ಕೈ ನೋಡಿದರು, ಮಣಿಕಟ್ಟಿನ ಗೆರೆ ನೋಡಿದರು. ಒಳಗೆ ತಿರುಗಿ ಕರೆದರು.

"ಸುಬ್ರಾಯ, ಸರ್‌ಗೆ ಒಂದು ಚಾಯ ತಾ. ಆ ಕೊನೆ ಅಂಗಡಿಯಿಂದ."

"ಆಯ್ತು ಅಜ್ಜಿ," ಎಂದು ಅವನು ಚಪ್ಪಲಿ ಮೆಟ್ಟಿ ಹೋದ. ಬೀದಿಯಲ್ಲಿ ಮರೆಯಾಗುವವರೆಗೂ ಆಕೆ ನೋಡುತ್ತಿದ್ದರು.

"ನಾನು ವಾಸಂತಿ. ಅವರು ನನ್ನ ಯಜಮಾನರು," ಅಂದರು.

ವಿಶ್ವೇಶ್ವರ ಸುಬ್ರಾಯ ಹೋದ ಬೀದಿಯತ್ತ ತಿರುಗಿ ನೋಡಿದ.

"ಅವರ ಅಜ್ಜ ಮಾಡಿಟ್ಟ ಎಣ್ಣೆ. ಮಾರ್ಲಿಕ್ಕೆ ಇಟ್ಟದ್ದಲ್ಲ. ಇವರಿಗೆ ಎಪ್ಪತ್ತಮೂರಾಗುವಾಗ ಕಾಲು ಹಿಡೀಲಿಕ್ಕೆ ಶುರುವಾಯ್ತು. ಮೊದಲು ಕಾಲಿಗೆ ಹಚ್ಚಿದ್ರು. ಖುಷಿ ಆಯ್ತು. ಮತ್ತೆ ಬೆನ್ನು, ಕೈ. ಬೇಡ ಅಂದೆ. ಕೇಳುವವರಾ? ಒಂದು ದಿನ ತಲೆಗೂ ಹಚ್ಚಿ ಮಿಂದು ಬಂದ್ರು. ಬಂದವರು ನನ್ನ ಹತ್ರ, ನೀವು ಯಾರು ಅಜ್ಜಿ, ಈ ಅಂಗಡಿ ಯಾರದ್ದು ಅಂತ ಕೇಳಿದ್ರು."

"ಸಣ್ಣ ಗಾಡಿ," ಎಂದ ವಿಶ್ವೇಶ್ವರ.

"ಹೌದು. ಕುಂಬಳೆಯಿಂದ ನಿನ್ನೆ ಬಂದ ಹಾಗೆ. ನನ್ನನ್ನು ಮದುವೆ ಆದದ್ದು ಅದರ ಮರುವರ್ಷ." ಆಕೆ ಸೆರಗಿನಿಂದ ತಕ್ಕಡಿ ಒರೆಸಿದರು. "ಹೆಸರು ಹಿಡಿದು ಕರೆದವಳಲ್ಲ ನಾನು, ಇಷ್ಟು ವರ್ಷದಲ್ಲಿ ಒಂದು ಸಲವೂ ಇಲ್ಲ. ಈಗ ದಿನಾ ಕರೀತೇನೆ. ಅಭ್ಯಾಸ ಆಗ್ತದೆ."

"ಹೋದದ್ದು ಮತ್ತೆ ಬರುತ್ತಾ?"

"ಹೊಸದಾಗಿ ಕಲಿಬೇಕು. ಬೇಗ ಕಲೀತಾರೆ, ಪ್ರಾಯ ಅಲ್ವಾ. ತೂಕ ಹಾಕ್ಲಿಕ್ಕೆ ಮೊನ್ನೆ ನಾನೇ ಹೇಳಿಕೊಟ್ಟೆ. ನನಗೆ ಹೇಳಿಕೊಟ್ಟವರು ಅವರು."

ಚಹಾ ಬಂತು. ಸುಬ್ರಾಯ ಕೈ ನೋಡಿ ಹಿಗ್ಗಿದ. "ನಾನು ಹೇಳ್ಲಿಲ್ವಾ ಸರ್, ಒಳ್ಳೆ ಎಣ್ಣೆ ಅಂತ."

ಉಳಿದದ್ದನ್ನು ತಂದುಕೊಡಿ ಎಂದು ವಾಸಂತಿಯಮ್ಮ ಹೇಳಿ ಕಳಿಸಿದರು. ತರುತ್ತೇನೆ ಎಂದ ವಿಶ್ವೇಶ್ವರ ದಾರಿಯುದ್ದಕ್ಕೂ ಬೇರೆ ಲೆಕ್ಕ ಹಾಕಿದ. ಆಕೆಯ ಗಂಡ ಮಾಡಿದ ತಪ್ಪು ಸ್ಪಷ್ಟವಾಗಿತ್ತು: ಎಲ್ಲಕ್ಕೂ ಹಚ್ಚಿದ, ಹೋಲಿಕೆಗೆ ಏನನ್ನೂ ಬಿಡಲಿಲ್ಲ. ಎಣ್ಣೆ ಹಚ್ಚಿದ ಅಂಗ ತಾನು ಆಮೇಲೆ ಕಲಿತದ್ದನ್ನು ಮರೆಯುತ್ತದೆ, ಅಷ್ಟೇ. ಹಾಗಿದ್ದರೆ ತಲೆ ಬೇಡ. ಬಲಗೈ ಬೇಡ. ಎಡಗೈಗೆ ಮತ್ತೆ ಕಲಿಸಿದರಾಯಿತು. ಭುಜಕ್ಕೆ ಏನು ಗೊತ್ತಿದೆ? ಮಂಡಿ ಇಷ್ಟು ವರ್ಷದಲ್ಲಿ ಕಲಿತ ವಿದ್ಯೆ ಯಾವುದು? ಅವು ಮರೆತರೆ ನಷ್ಟವಿಲ್ಲ. ಈ ತರ್ಕದಲ್ಲಿ ಅವನಿಗೆ ಒಂದು ತೂತೂ ಕಾಣಲಿಲ್ಲ. ಮನೆಗೆ ಬಂದು ಅಂಗಿ ಬಿಚ್ಚಿ, ಬಾಟಲಿಯ ಮುಚ್ಚಳ ತೆಗೆದ. ಭುಜಕ್ಕೆ ಹಚ್ಚುವ ಮೊದಲು ಫೋನಿನಲ್ಲಿ ಗ್ರೀಷ್ಮಾಳ ಮೆಸೇಜು ಬಂತು. 'ಶನಿವಾರ ನಾನು ಬರ್ತೀನಿ. ಇಲ್ಲ, ನೀನೇ ಬಾ. ನಿನ್ನ ಕೈ ನೋಡಬೇಕು.'

ಮುಚ್ಚಳ ಹಾಕಿದ. ಬಾಟಲಿಯನ್ನು ಬ್ಯಾಗಿಗೆ ಇಟ್ಟುಕೊಂಡೇ ಶನಿವಾರ ರೈಲು ಹತ್ತಿದ. ಆಲುವದಲ್ಲಿ ಇಳಿದು ಮೆಟ್ರೋ ಹಿಡಿದು ಕಳಮಶ್ಶೇರಿ ತಲುಪಿದಾಗ ಗ್ರೀಷ್ಮಾ ನಿಲ್ದಾಣದ ಮೆಟ್ಟಿಲ ಬುಡದಲ್ಲಿ ನಿಂತಿದ್ದಳು. ಅಪ್ಪನ ಮುಖ ನೋಡುವ ಮೊದಲು ಕೈ ನೋಡಿದಳು.

ಅವಳ ಫ್ಲ್ಯಾಟಿನ ಊಟದ ಮೇಜಿನಲ್ಲಿ ಅವನು ಎಲ್ಲವನ್ನೂ ಹೇಳಿದ. ಅರ್ಧ ಬಲಗೈಯಲ್ಲಿ, ಅರ್ಧ ಫೋನಿನಲ್ಲಿ ಟೈಪ್ ಮಾಡಿ. ಮಗಳ ಜೊತೆ ಹಾಗೆ ಮಾತಾಡಬೇಕಾಗಿ ಬಂದದ್ದು ಅದೇ ಮೊದಲು. ಅವಳು ನಡುವೆ ಒಂದು ಸಲ ಮಾತ್ರ ನಕ್ಕಳು.

"ನನ್ನ ಕಿವಿಗೆ ಹಚ್ಚಿದರೆ?"

"ನೀನು ಎಷ್ಟು ಹಿಂದೆ ಹೋದರೂ ಕಿವಿ ಅಷ್ಟೇ."

"ಒಳ್ಳೇದಾಯ್ತು. ಎಣ್ಣೆ ಉಳೀತು."

ಆಮೇಲೆ ಅವನ ಎಡಗೈಯನ್ನು ತನ್ನ ಎರಡು ಕೈಗಳಲ್ಲಿ ತೆಗೆದುಕೊಂಡು ಹೆಬ್ಬೆರಳ ಬುಡ ನೋಡಿದಳು. ಬೆಳಕಿಗೆ ಹಿಡಿದಳು. ತಿರುಗಿಸಿ ನೋಡಿದಳು. ಬೆರಳ ತುದಿಯಿಂದ ಉಜ್ಜಿ ನೋಡಿದಳು. ನುಣುಪಾದ ಚರ್ಮ. ಕೈಯನ್ನು ಮೇಜಿನ ಮೇಲೆ ವಾಪಸು ಇಟ್ಟಳು, ತನ್ನದಲ್ಲದ ವಸ್ತುವನ್ನು ಇಡುವ ಹಾಗೆ.

ವಿಶ್ವೇಶ್ವರ ಅವಸರದಿಂದ ತನ್ನ ಯೋಜನೆ ಟೈಪ್ ಮಾಡಿದ. ಕೈಗೆ ಮತ್ತೆ ಕಲಿಸುತ್ತೇನೆ. ತಲೆಗೆ ಹಚ್ಚುವುದಿಲ್ಲ. ಭುಜ, ಮಂಡಿ, ಅಷ್ಟೇ. ಭುಜಕ್ಕೆ ಏನೂ ಗೊತ್ತಿಲ್ಲ.

ಅವಳು ಓದಿ, ಎದ್ದು ಬಂದು ಅವನ ಎಡಭುಜವನ್ನು ಮುಟ್ಟಿದಳು. ನಂತರ ಎದುರಿಗೆ ಕೂತು, ಅವನಿಗೆ ತಪ್ಪದೆ ಅರ್ಥವಾಗುವ ಹಾಗೆ ನಿಧಾನವಾಗಿ ಹೇಳಿದಳು.

"ನಿನ್ನ ಧ್ವನಿ ನನಗೆ ಗೊತ್ತಿರೋದು ಅಲ್ಲಿಂದ. ಚಿಕ್ಕವಳಿದ್ದಾಗ ಅಲ್ಲಿ ಕೆನ್ನೆ ಇಟ್ಟು ಮಲಗ್ತಿದ್ದೆ. ನೀನು ಏನೋ ಗುನುಗ್ತಿದ್ದೆ. ಮೂಳೆ ನಡುಗ್ತಿತ್ತು. ಬೇರೆಯವರ ಭುಜ ಹಾಗೆ ನಡುಗೋದಿಲ್ಲ. ಎಲ್ಲರ ಮೇಲೂ ಮಲಗಿ ನೋಡಿದೀನಿ."

ಇದು ಅವನಿಗೆ ಗೊತ್ತಿರಲಿಲ್ಲ. ಗುನುಗುತ್ತಿದ್ದದ್ದೇ ಮರೆತುಹೋಗಿತ್ತು, ಕಿವಿ ಕೇಳಿಸದ ಮಗುವಿಗೆ ಜೋಗುಳ ಹಾಡುತ್ತಿದ್ದೇನೆ ಎಂದು ಯಾರಿಗಾದರೂ ಹೇಳಲು ಆಗ ನಾಚಿಕೆಯಾಗಿತ್ತು. ತರ್ಕದಲ್ಲಿ ತೂತಿರಲಿಲ್ಲ ನಿಜ. ಆದರೆ ಯಾವ ಅಂಗದಲ್ಲಿ ಏನಿದೆ ಎಂದು ಮೊದಲು ಅಳೆದು ನೋಡದೆ ಪರೀಕ್ಷೆಗೆ ಇಳಿದಿದ್ದ. ಅವನ ಕೈಕೆಳಗಿನ ಹೊಸಬನೊಬ್ಬ ಲ್ಯಾಬಿನಲ್ಲಿ ಹೀಗೆ ಮಾಡಿದ್ದರೆ ಹೊರಗೆ ಕಳಿಸುತ್ತಿದ್ದ. ಭುಜದಲ್ಲಿ ಇದು ಇದ್ದರೆ ಮಂಡಿಯಲ್ಲಿ ಏನಿದೆ? ಬೆನ್ನಿನಲ್ಲಿ? ಅದು ಮಗಳಿಗೆ ಗೊತ್ತಿರಬಹುದು, ನಿರ್ಮಲಳಿಗೆ ಗೊತ್ತಿರಬಹುದು, ತನಗೆ ಗೊತ್ತಾಗುವ ದಾರಿಯಿಲ್ಲ.

ಬ್ಯಾಗಿನಿಂದ ಬಾಟಲಿ ತೆಗೆದು ಮೇಜಿನ ಮೇಲಿಟ್ಟ. "ಅಂಗಡಿಗೆ ವಾಪಸು," ಎಂದ ಬಲಗೈಯಲ್ಲಿ.

"ಬೌಲಿಂಗ್?"

"ಒಂದು ಓವರಿಗೆ ಕೈ ಸಾಕು."

ಅವಳು ಕುರ್ಚಿ ಹತ್ತಿರಕ್ಕೆ ಎಳೆದುಕೊಂಡಳು. ಎಡಗೈಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಹೆಬ್ಬೆರಳಿನಿಂದ ಶುರು ಮಾಡಿದಳು. ಎ. ಇ. ಬೆರಳು ಬಾಗಿದರೆ ತಟ್ಟುತ್ತಿದ್ದಳು. ಅವನ ಟೀಚರ್ ಹಿಂದೆ ಮಾಡುತ್ತಿದ್ದದ್ದೂ ಹಾಗೆಯೇ. ಕೈ ಚುರುಕಾಗಿತ್ತು. ಅವನು ಮೊದಲ ಸಲ ತಿಂಗಳುಗಟ್ಟಲೆ ಒದ್ದಾಡಿದ್ದನ್ನು ಅದು ಊಟದ ಹೊತ್ತಿಗೆ ಹಿಡಿಯಿತು. ಊಟ, ನೀರು, ಅಮ್ಮ, ಮಳೆ. ಕೊನೆಗೆ ಅವನು ಮಗಳ ಹೆಸರು ಹೇಳಲು ಹೋಗಿ ಹೆಬ್ಬೆರಳ ಬುಡ ಚಿವುಟಿದ. ಈ ಸಲ ಎಡಗೈ ಬೆಚ್ಚಲಿಲ್ಲ.

ಗ್ರೀಷ್ಮಾ ತಲೆಯಾಡಿಸಿದಳು. "ಅಲ್ಲಿ ಏನೂ ಇಲ್ಲ. ಹೆಸರು ಎಲ್ಲಿ ಕೂರುತ್ತೆ?"

ಅವನ ಕೈಯನ್ನು ಬಾಯಿಗೆ ತೆಗೆದುಕೊಂಡು ಕಚ್ಚಿದಳು. ಆಟಕ್ಕೆ ಕಚ್ಚಿದ್ದಲ್ಲ. ಅವನು ಕೂಗಿದ್ದು ಪಕ್ಕದ ಫ್ಲ್ಯಾಟಿಗೆ ಕೇಳಿಸಿ ಯಾರೋ ಬಾಗಿಲು ತಟ್ಟಿದರು. ಅವಳಿಗೆ ಕೇಳಿಸಲಿಲ್ಲ.

ಸೋಮವಾರ ಅವನು ಚಾಲೈಗೆ ಹೋಗಿ ಬಾಟಲಿ ಒಪ್ಪಿಸಿದ. ವಾಸಂತಿಯಮ್ಮ ಅದನ್ನು ಭರಣಿಗೆ ಸುರಿದು, ಬಾಯಿಗೆ ಬಟ್ಟೆ ಕಟ್ಟಿ, ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದರು.

"ಚೆಲ್ಲಿಬಿಡಬಾರದಾ ಅಮ್ಮ?"

"ಅವರ ಅಜ್ಜನದ್ದು." ಬೀಗ ಎಳೆದು ನೋಡಿದರು. "ಕೆಲವು ದಿನ ನನಗೂ ಆಸೆ ಆಗ್ತದೆ. ಅವರ ಎದುರು ಇಪ್ಪತ್ತರ ಹುಡುಗಿಯಾಗಿ ನಿಲ್ಲುವ ಅಂತ. ಆದ್ರೆ ಆಗ ನನಗೂ ಅವರು ಯಾರು ಅಂತ ಗೊತ್ತಿರುವುದಿಲ್ಲ. ಇಬ್ಬರಲ್ಲಿ ಒಬ್ಬರಾದ್ರೂ ಇರ್ಬೇಕಲ್ಲ, ಗೊತ್ತಿದ್ದವರು." ಕೀಲಿಕೈಯನ್ನು ಸೊಂಟಕ್ಕೆ ಸಿಕ್ಕಿಸುವಾಗ ಅವನ ಹೆಬ್ಬೆರಳು ಕಣ್ಣಿಗೆ ಬಿತ್ತು. "ಇದೆಂತ, ನಾಯಿ ಕಚ್ಚಿದ್ದಾ?"

"ಅಲ್ಲ. ಮಗಳು."

ಸುಬ್ರಾಯ ಒಳಗಿನಿಂದ ಇಣುಕಿ ಗಾಯ ನೋಡಿದ. "ಅರಿಶಿನ ಕೊಡ್ತೇನೆ ಸರ್, ಹಚ್ಚಿ. ಕಲೆ ಉಳಿಯುವುದಿಲ್ಲ."

"ಬೇಡಪ್ಪ," ಎಂದ ವಿಶ್ವೇಶ್ವರ. "ಉಳಿಯಲಿ."